ದಿನಾ ಓಟ, ದಿನಾ ಬರವಣಿಗೆ: ಒಂದು ಇನ್ನೊಂದನ್ನ ತಿಂದು ಹಾಕದ ಹಾಗೆ ನೋಡ್ಕೊಳ್ಳೋದು ಹೇಗೆ

ಬರೆಯೋರು, ಚಿತ್ರ ಮಾಡೋರು, ಟ್ಯೂನ್ ಹಾಕೋರು, ಹೀಗೆ ಕೂತಲ್ಲೇ ಕೂತು ಏನಾದ್ರೂ ಹೊಸದು ಹುಟ್ಟಿಸೋ ಕೆಲಸ ಇರೋರು ಓಟ ಶುರು ಮಾಡಿದ್ರೆ ಸಾಮಾನ್ಯವಾಗಿ ಆಗೋದು ಇಷ್ಟು. ಮೊದಲನೇ ವಾರ ಭಾರೀ ಹುರುಪು, ಎರಡನೇ ವಾರ ಮೀನಖಂಡ ಹಿಡ್ಕೊಳ್ಳತ್ತೆ, ಮೂರನೇ ವಾರ ಓಡಿ ಬಂದು ಟೇಬಲ್ ಮುಂದೆ ಕೂತ್ರೆ ಕಣ್ಣು ಎಳೀತಾ ಇರತ್ತೆ, ನಾಲ್ಕನೇ ವಾರ "ಈ ಡ್ರಾಫ್ಟ್ ಒಂದು ಮುಗೀಲಿ, ಆಮೇಲೆ ಓಡೋಣ" ಅಂತ ಶೂ ಮೂಲೆ ಸೇರತ್ತೆ. ಇದನ್ನ ಸೋಮಾರಿತನ ಅಂತ ಬೈಕೊಳ್ಳೋದು ದಂಡ. ಓಟಕ್ಕೂ ಬರವಣಿಗೆಗೂ ಶಕ್ತಿ ಬರೋದು ಅದೇ ಒಂದು ಮೈಯಿಂದ, ಅದೇ ಒಂದು ನಿದ್ದೆಯಿಂದ, ಆದ್ರೆ ಅದನ್ನ ಹಂಚ್ಕೊಳ್ಳೋ ಲೆಕ್ಕ ಯಾರೂ ಹೇಳ್ಕೊಡಲ್ಲ. ಓಟದ ಪ್ಲ್ಯಾನ್‌ಗಳು ಹೆಚ್ಚಾಗಿ ರೇಸ್ ಓಡೋರಿಗೆ ಅಂತ ಮಾಡಿರೋದು, ಅವ್ರಿಗೆ ಓಟ ಮುಗಿದ್ರೆ ದಿನದ ದೊಡ್ಡ ಕೆಲಸ ಮುಗೀತು, ನಮಗೆ ದೊಡ್ಡ ಕೆಲಸ ಇನ್ನೂ ಬಾಕಿ ಇರತ್ತೆ. ಅದಕ್ಕೆ ಇಲ್ಲಿ ಹೇಳೋದನ್ನೆಲ್ಲ ಒಂದೇ ಪ್ರಶ್ನೆ ಇಟ್ಕೊಂಡು ಓದಿ: ಇವತ್ತು ಓಡಿದ್ರಿಂದ ಇವತ್ತಿನ ಪೇಜ್ ಆಯ್ತಾ, ಕೆಟ್ಟೋಯ್ತಾ?

ಶುರು ಮಾಡೋಕ್ಕೆ ಮುಂಚೆ ಒಂದು ಮಾತು. ಹಾರ್ಟ್ ತೊಂದ್ರೆ, ಶುಗರ್, ಬಿಪಿ, ಹಳೇ ಮಂಡಿ ಪೆಟ್ಟು ಇಂಥದ್ದೇನಾದ್ರೂ ಇದ್ರೆ, ಇಲ್ಲಾ ತುಂಬಾ ವರ್ಷದಿಂದ ಮೈ ಬಗ್ಗಿಸಿಲ್ಲ ಅಂದ್ರೆ, ಡಾಕ್ಟರ್‌ನ ಒಂದ್ಸಲ ಕೇಳಿ ಶುರು ಮಾಡಿ. ಓಡುವಾಗ ಎದೆ ನೋವು, ತಲೆ ತಿರುಗೋದು, ಯಾವತ್ತೂ ಇಲ್ಲದ ಥರ ಉಸಿರು ಕಟ್ಟೋದು ಆದ್ರೆ ಅವತ್ತಿನ ಓಟ ಅಲ್ಲಿಗೇ ಮುಗೀತು, ಮನೆಗೆ ಬಂದು ನೋಡೋಣ ಅನ್ನೋ ಲೆಕ್ಕ ಬೇಡ.

ಮೊದ್ಲು ಹೊತ್ತು ಗಟ್ಟಿ ಮಾಡ್ಕೊಳ್ಳಿ

ಎಷ್ಟು ಕಿಲೋಮೀಟರ್ ಅನ್ನೋದು ಆಮೇಲಿನ ಮಾತು, ಮೊದ್ಲು ಯಾವ ಹೊತ್ತು ಅಂತ ತೀರ್ಮಾನ ಆಗ್ಬೇಕು. ಎಲ್ಲರೂ ಬೆಳಗ್ಗೆ ಎದ್ದ ತಕ್ಷಣ ಓಡಿ ಅಂತಾರೆ, ನಾನು ಅದನ್ನ ಹಾಗೇ ಒಪ್ಪಲ್ಲ. ದಿನದಲ್ಲಿ ನಿಮ್ಮ ತಲೆ ಚೆನ್ನಾಗಿ ಓಡೋ ಎರಡು ಮೂರು ಗಂಟೆ ಯಾವುದೋ ಅದು ಟೇಬಲ್‌ಗೆ ಸೇರಿದ್ದು, ಅದನ್ನ ಓಟಕ್ಕೆ ಕೊಡ್ಬೇಡಿ. ಬೆಳಗ್ಗೆ ಎದ್ದಾಗಲೇ ವಾಕ್ಯ ಸರಾಗ ಬರೋರು ಮೊದ್ಲು ಬರೀಲಿ, ಬರೆದು ಬರೆದು ಎಲ್ಲೋ ಸಿಕ್ಕಿಹಾಕೊಂಡ ಮೇಲೆ ಎದ್ದು ಓಡೋಕ್ಕೆ ಹೋಗ್ಲಿ, ಆಗ ಸಿಕ್ಕಿಕೊಂಡಿರೋ ಜಾಗಾನೂ ಜೊತೆಗೇ ಬರತ್ತೆ, ಅದ್ರಿಂದ ಲಾಭ ಇದೆ, ಮುಂದೆ ಹೇಳ್ತೀನಿ. ಎದ್ದಾಗ ತಲೆ ಮಂಕಾಗಿದ್ದು ಹತ್ತು ಗಂಟೆ ಮೇಲೆ ಬಿಚ್ಚಿಕೊಳ್ಳೋರು ಓಟ ಮುಗಿಸ್ಕೊಂಡೇ ಕೂರೋದು ಒಳ್ಳೇದು. ಎರಡನ್ನೂ ಎರಡೆರಡು ವಾರ ಮಾಡಿ ನೋಡಿ. ಅವತ್ತು ಎಷ್ಟು ಪದ ಬರೆದ್ರಿ ಅಂತ ಅಳೀಬೇಡಿ, ಅದು ಮೋಸ ಮಾಡತ್ತೆ. ಮಾರನೇ ದಿನ ಫೈಲ್ ತೆಗೆಯೋಕ್ಕೆ ಮನಸ್ಸು ಬಂತಾ ಅಥವಾ ಮೈ ಭಾರ ಅಂತ ಮುಂದಕ್ಕೆ ಹಾಕಿದ್ರಾ, ಅದನ್ನ ನೋಡಿ.

ಹೊತ್ತು ದಿನಾ, ಓಟ ದಿನಾ ಬೇಕಾಗಿಲ್ಲ. ವಾರದಲ್ಲಿ ನಾಲ್ಕು ದಿನ ಇಲ್ಲಾ ಐದು ದಿನ ಓಡಿ, ಉಳಿದ ದಿನ ಅದೇ ಹೊತ್ತಿಗೆ ಅದೇ ದಾರಿಲಿ ನಡೀರಿ. ಹೊಸಬ್ರಾದ್ರೆ ಮೂರೇ ದಿನ ಓಟ ಸಾಕು. ಅಭ್ಯಾಸ ಅಂಟಿಕೊಳ್ಳೋದು ಆ ಹೊತ್ತಿಗೆ, ಶೂ ಹಾಕೋ ಕೆಲಸಕ್ಕೆ, ಬಾಗಿಲು ಎಳ್ಕೊಂಡು ಹೊರಗೆ ಬೀಳೋದಕ್ಕೆ. ಮೂಳೆ ಮತ್ತೆ ಸ್ನಾಯುರಜ್ಜುಗಳಿಗೆ (ಸ್ನಾಯುನ ಮೂಳೆಗೆ ಕಟ್ಟೋ ಗಟ್ಟಿ ನಾರುಗಳು) ಮಾತ್ರ ನಡುನಡುವೆ ಬಿಡುವು ಬೇಕೇ ಬೇಕು, ನಿಮ್ಮ ಸಂಕಲ್ಪ ಎಷ್ಟೇ ಗಟ್ಟಿ ಇದ್ರೂ ಅವು ಕೇಳಲ್ಲ.

ಆಮೇಲೆ ವೇಗ ಇಳಿಸಿ, ಇನ್ನೂ ಇಳಿಸಿ

ಈ ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ಓದ್ತೀರಾ ಅಂದ್ರೆ ಇದನ್ನ ಓದಿ. ಹೊಸಬರು ಓಟ ಅಂದ್ರೆ ಏದುಸಿರು ಬರ್ಬೇಕು, ಮುಖ ಕೆಂಪಾಗ್ಬೇಕು, ಇಲ್ದಿದ್ರೆ ಲೆಕ್ಕಕ್ಕಿಲ್ಲ ಅಂದ್ಕೊಂಡಿರ್ತಾರೆ. ಜೋರಾಗಿ ಓಡಿದ್ರೆ ಸ್ನಾಯುಗಳಲ್ಲಿ ಕೂಡಿಟ್ಟಿರೋ ಗ್ಲೈಕೋಜನ್, ಅಂದ್ರೆ ಸಕ್ಕರೆಯ ದಾಸ್ತಾನು, ಬೇಗ ಖರ್ಚಾಗತ್ತೆ, ಮೈ ಅದನ್ನ ಮತ್ತೆ ತುಂಬ್ಕೊಳ್ಳೋಕ್ಕೆ ಟೈಮ್ ತಗೊಳ್ಳತ್ತೆ, ಓಟ ಮುಗಿದು ಒಂದು ಗಂಟೆ ಎಲ್ಲ ಚೆನ್ನಾಗೇ ಅನ್ಸತ್ತೆ, ಮಧ್ಯಾಹ್ನದ ಹೊತ್ತಿಗೆ ಮಾತ್ರ ಒಂದು ಪ್ಯಾರಾಗ್ರಾಫ್‌ನ ಮೂರು ಸಲ ಓದಿದ್ರೂ ತಲೆಗೆ ಹೋಗ್ತಾ ಇರಲ್ಲ. ನಿಧಾನಕ್ಕೆ ಓಡಿದ್ರೆ ಕೊಬ್ಬು ಹೆಚ್ಚು ಪಾಲು ಉರೀತದೆ, ಹೃದಯ ಗಟ್ಟಿಯಾಗೋದೂ ನಡೀತದೆ, ದಿನದ ಉಳಿದ ಭಾಗ ನಿಮ್ಮ ಕೈಲೇ ಇರತ್ತೆ. ಸ್ಟೀಫನ್ ಸೈಲರ್ ಅನ್ನೋ ಸಂಶೋಧಕರು ದೂರದ ಓಟ, ಸೈಕ್ಲಿಂಗ್ ಥರ ತುಂಬಾ ಹೊತ್ತು ದಮ್ಮು ಬೇಕಾಗೋ ಆಟಗಳ ಟಾಪ್ ಅಥ್ಲೀಟ್‌ಗಳ ಟ್ರೈನಿಂಗ್ ನೋಡಿ ಹೇಳಿದ್ದೂ ಇದನ್ನೇ, ಅವರ ಸೆಷನ್‌ಗಳಲ್ಲಿ ಹತ್ರಹತ್ರ 80 ಪರ್ಸೆಂಟ್ ಆರಾಮಿನ ವೇಗದವೇ ಆಗಿರ್ತಾವೆ. ಹೊಟ್ಟೆಪಾಡಿಗೇ ಓಡೋರು ಅಷ್ಟು ಆರಾಮಾಗಿ ಓಡ್ತಾರೆ ಅಂದ್ಮೇಲೆ ಸಂಜೆ ಒಂದು ಸೀನ್ ಬರೀಬೇಕಾಗಿರೋ ನಾವು ಯಾಕೆ ಪ್ರತಿದಿನ ಏದ್ಕೊಂಡು ಬರ್ಬೇಕು?

ಸರಿಯಾದ ವೇಗ ಯಾವುದು ಅಂತ ತಿಳಿಯೋಕ್ಕೆ ವಾಚ್ ಬೇಡ. ಮಾತಾಡಿ ನೋಡೋ ಪರೀಕ್ಷೆ ಸಾಕು, ಬರೆಯೋರಿಗಂತೂ ಅದು ಇನ್ನೂ ಸಲೀಸು. ನಿಮ್ಮದೇ ಡ್ರಾಫ್ಟ್‌ನಿಂದ ಎರಡು ಉದ್ದದ ವಾಕ್ಯ ಬಾಯಿಪಾಠ ಮಾಡ್ಕೊಂಡು ಹೋಗಿ, ಹತ್ತು ನಿಮಿಷ ಓಡಿದ ಮೇಲೆ ಗಟ್ಟಿಯಾಗಿ ಹೇಳಿ. ಒಂದು ವಾಕ್ಯ ಪೂರ್ತಿ ಒಂದೇ ಉಸಿರಲ್ಲಿ ಇಲ್ಲಾ ಒಂದು ಕಾಮಾದಲ್ಲಿ ಉಸಿರು ತಗೊಂಡು ಮುಗಿಸೋಕ್ಕೆ ಆದ್ರೆ ವೇಗ ಸರಿಯಿದೆ. ಪ್ರತಿ ಮೂರು ಪದಕ್ಕೆ ಉಸಿರು ಎಳೀತಾ ಇದ್ದೀರಾ ಅಂದ್ರೆ ಜಾಸ್ತಿ ಆಯ್ತು, ಇಳಿಸಿ, ಇಳಿಸಿದ್ರೂ ಆಗ್ಲಿಲ್ಲ ಅಂದ್ರೆ ನಡೀರಿ. (ಇದರದ್ದು ಇನ್ನೊಂದು ಉಪಯೋಗ ಇದೆ, ಓಡ್ತಾ ಹೇಳುವಾಗ ತಡವರಿಸೋ ವಾಕ್ಯ ಸಾಮಾನ್ಯವಾಗಿ ಪೇಜ್ ಮೇಲೂ ತಡವರಿಸ್ತಾ ಇರತ್ತೆ.) ದಾರಿಲಿ ಹೋಗೋರು ತಿರುಗಿ ನೋಡ್ತಾರೆ, ನೋಡ್ಲಿ ಬಿಡಿ.

ಹಾರ್ಟ್‌ರೇಟ್ ವಾಚ್ ಇದ್ರೆ ಬಳಸಿ, ಬೇಡ ಅನ್ನಲ್ಲ, ಆದ್ರೆ 220ರಲ್ಲಿ ವಯಸ್ಸು ಕಳೆದ್ರೆ ಬರೋ ಲೆಕ್ಕದ ಮೇಲೆ ಝೋನ್ (ಎದೆಬಡಿತದ ಹಂತಗಳು) ಹಾಕಿರ್ತಾರಲ್ಲ, ಅದು ಬರೀ ಆವರೇಜ್. ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬೀಟ್ ಆಚೀಚೆ ಇರೋದು ಮಾಮೂಲಿ. ವಾಚ್ ಒಂದು ಹೇಳಿ ಉಸಿರು ಇನ್ನೊಂದು ಹೇಳಿದ್ರೆ ಉಸಿರಿನ ಮಾತು ಕೇಳಿ.

ಮೊದಲ ಎರಡು ಮೂರು ತಿಂಗಳು

ಐದು ನಿಮಿಷ ಬಿರುಸಾಗಿ ನಡೀರಿ, ಆಮೇಲೆ ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ, ಹೀಗೆ ಏಳೆಂಟು ಸಲ, ಕೊನೇಲಿ ಮತ್ತೆ ಐದು ನಿಮಿಷ ನಡಿಗೆ. ಇಷ್ಟೇ. ಮೈ ಒಗ್ಗಿದ ಹಾಗೆ ಓಟದ ನಿಮಿಷ ಜಾಸ್ತಿ ಮಾಡ್ತಾ ನಡಿಗೆ ಕಮ್ಮಿ ಮಾಡ್ತಾ ಹೋಗಿ, ಎರಡು ತಿಂಗಳ ಆಸುಪಾಸಲ್ಲಿ ತುಂಬಾ ಜನಕ್ಕೆ ಅರ್ಧ ಗಂಟೆ ನಿಲ್ಲದೆ ಓಡೋದು ಬರತ್ತೆ, ಬರ್ಲಿಲ್ಲ ಅಂದ್ರೆ ಇನ್ನೊಂದು ತಿಂಗಳು ತಗೊಳ್ಳಿ, ಯಾರಿಗೂ ಲೆಕ್ಕ ಕೊಡ್ಬೇಕಾಗಿಲ್ಲ. ಕಿಲೋಮೀಟರ್ ಬದ್ಲು ನಿಮಿಷದಲ್ಲಿ ಲೆಕ್ಕ ಇಡೋದು ಮೇಲು, ಯಾಕಂದ್ರೆ ಟೇಬಲ್ ಕೆಲಸಾನೂ ನಿಮಿಷದಲ್ಲೇ ಇರೋದು, ಐದು ಕಿಲೋಮೀಟರ್ ಅಂತ ಹೊರಟ್ರೆ ಅದನ್ನ ಬೇಗ ಮುಗಿಸೋ ಆಸೆ ತಾನಾಗೇ ಹುಟ್ಟತ್ತೆ, ಮೂವತ್ತು ನಿಮಿಷ ಅಂತ ಹೊರಟ್ರೆ ಬೇಗ ಓಡಿದ್ರೂ ಮೂವತ್ತೇ ನಿಮಿಷ.

ವಾರಕ್ಕೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಏರಿಸ್ಬೇಡಿ ಅನ್ನೋ ಸೂತ್ರ ಕೇಳಿರ್ತೀರಿ. ನೆದರ್‌ಲ್ಯಾಂಡ್ಸ್‌ನಲ್ಲಿ ಹೊಸ ಓಟಗಾರರ ಮೇಲೆ ಇದನ್ನ ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟ ಮಾಡಿದ್ರು, ಹತ್ತು ಪರ್ಸೆಂಟ್ ಪ್ರಕಾರ ನಿಧಾನಕ್ಕೆ ಏರಿಸಿದವರು, ಮಾಮೂಲಿ ಪ್ಲ್ಯಾನ್‌ನಲ್ಲಿ ಬೇಗ ಏರಿಸಿದವರು, ಎರಡು ಗುಂಪಲ್ಲೂ ಸುಮಾರು ಐದರಲ್ಲಿ ಒಬ್ಬರಿಗೆ ಗಾಯ ಆಗಿತ್ತು, ವ್ಯತ್ಯಾಸಾನೇ ಇರ್ಲಿಲ್ಲ. ಅಂದ್ರೆ ಸೂತ್ರ ಮಂತ್ರ ಏನಲ್ಲ. ಹಾಗಂತ ಎರ್ರಾಬಿರ್ರಿ ಏರಿಸೋದೂ ಅಲ್ಲ. ಹೃದಯ ಶ್ವಾಸಕೋಶ ಕೆಲವೇ ವಾರದಲ್ಲಿ ಸುಧಾರಿಸ್ತಾವೆ, ಸ್ನಾಯುರಜ್ಜು ಮೂಳೆ ತಿಂಗಳುಗಟ್ಟಲೆ ತಗೊಳ್ತಾವೆ, ಅಪಾಯ ಇರೋದು ಈ ಗ್ಯಾಪ್‌ನಲ್ಲೇ. ಎರಡನೇ ತಿಂಗಳಲ್ಲಿ ಉಸಿರು "ಇನ್ನೂ ಹೋಗೋಣ" ಅನ್ನತ್ತೆ, ಮೊಣಕಾಲ ಕೆಳಗಿನ ಮೂಳೆ ಇನ್ನೂ ತಯಾರಾಗಿರಲ್ಲ. ಒಂದು ಸಲಕ್ಕೆ ಒಂದನ್ನೇ ಏರಿಸಿ. ನಿಮಿಷ ಏರಿಸಿದ ವಾರ ದಿನ ಏರಿಸ್ಬೇಡಿ, ದಿನ ಏರಿಸಿದ ವಾರ ಏರು ದಾರಿ ಹುಡುಕ್ಬೇಡಿ. ಮೂರು ವಾರ ಏರಿಸಿ ನಾಲ್ಕನೇ ವಾರ ಇಳಿಸಿ, ಆ ಇಳಿಸೋ ವಾರಾನ ಬೇಕಂತಲೇ ಡೆಡ್‌ಲೈನ್ ಇರೋ ವಾರಕ್ಕೆ ಹೊಂದಿಸ್ಕೊಳ್ಳಿ, ಎರಡೂ ಕಡೆ ಒಟ್ಟಿಗೇ ಏರಿಸೋಕ್ಕೆ ಹೋದ್ರೆ ಮೊದ್ಲು ನಿದ್ದೆ ಹೋಗತ್ತೆ, ಆಮೇಲೆ ಕಾಲು.

ಜೊತೆಗೆ ಒಂದೇ ಒಂದು ಪ್ರಶ್ನೆ ತಗೊಂಡು ಹೋಗಿ

ಓಡುವಾಗ ಐಡಿಯಾ ತಾನಾಗೇ ಉಕ್ಕಿ ಬರತ್ತೆ ಅಂತ ನಂಬ್ಕೊಂಡು ಹೋದ್ರೆ ಹೆಚ್ಚಿನ ದಿನ ಖಾಲಿ ಕೈಲಿ ಬರ್ತೀರಾ. ಮೊದಲ ಹತ್ತು ಹದಿನೈದು ನಿಮಿಷ ತಲೇಲಿ ಬರೀ ಕಸ ಓಡಾಡ್ತಿರತ್ತೆ, ಕಟ್ಟದ ಬಿಲ್ಲು, ನಿನ್ನೆ ಯಾರೋ ಹಾಕಿದ ಮೆಸೇಜು, ಯಾವತ್ತೋ ಆಡ್ಬೇಕಿದ್ದ ಜಗಳದ ಡೈಲಾಗು. ಅದನ್ನ ತಡೀಬೇಡಿ, ಹೋಗ್ಲಿ. ಅದು ಸವೆದ ಮೇಲೆ ಪ್ರಶ್ನೆ ಎತ್ಕೊಳ್ಳಿ, ಅದು ಚಿಕ್ಕದಾಗಿರ್ಬೇಕು. "ನನ್ನ ಕಾದಂಬರಿ ಮುಂದೆ ಏನಾಗ್ಬೇಕು" ಅಂತ ಹೊತ್ಕೊಂಡು ಹೋದ್ರೆ ಭಾರಕ್ಕೇ ಸುಸ್ತಾಗತ್ತೆ. ಅದೇ, ಕಥೇಲಿ ತಂಗಿ ಅಣ್ಣನ ರೂಮಿನ ತನಕ ಬಂದು ಬಾಗಿಲು ತಟ್ಟದೆ ವಾಪಸ್ ಹೋಗ್ತಾಳೆ ಅಂತಿಟ್ಕೊಳ್ಳಿ, ಯಾಕೆ ತಟ್ಟಲಿಲ್ಲ ಅನ್ನೋದು ನಿಮಗಿನ್ನೂ ಗೊತ್ತಿಲ್ಲ, ಅಷ್ಟನ್ನೇ ತಗೊಂಡು ಹೋಗಿ. ಒಳಗೆ ಇನ್ಯಾರೋ ಇದ್ದಾರಾ? ಕೈಲಿ ಏನಾದ್ರೂ ಹಿಡ್ಕೊಂಡಿದ್ಲಾ? ಅವಳು ಬಂದಿದ್ದು ಏನೋ ಹೇಳೋಕ್ಕೋ, ಹೇಳಿದ್ದನ್ನ ವಾಪಸ್ ತಗೊಳ್ಳೋಕ್ಕೋ? ಉತ್ತರ ಸಿಗ್ಲೇಬೇಕು ಅಂತ ಹಿಂಡ್ಬೇಡಿ, ಪ್ರಶ್ನೆ ಒಂದೆರಡು ಸಲ ತಿರುಗಿಸಿ ಬಿಟ್ಬಿಡಿ, ದಾರಿ ನೋಡಿ, ಉಸಿರು ನೋಡಿ, ಸ್ವಲ್ಪ ಹೊತ್ತಾದ್ಮೇಲೆ ಮತ್ತೆ ಎತ್ಕೊಳ್ಳಿ. ಬಹಳ ಸಲ ಕೇಳಿದ ಪ್ರಶ್ನೆಗೆ ಉತ್ತರ ಬರಲ್ಲ, ಪಕ್ಕದ ಸೀನ್‌ದು ಬರತ್ತೆ, ಅದನ್ನೂ ಬಿಡ್ಬೇಡಿ.

ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯಲ್ಲಿ ನಡಿಗೆ ಮೇಲೆ ಒಂದು ಸಂಶೋಧನೆ 2014ರಲ್ಲಿ ಬಂತು. ನಡೆಯುವಾಗ, ನಡೆದ ಸ್ವಲ್ಪ ಹೊತ್ತು ಆದ್ಮೇಲೂ, ಜನ ಒಂದು ವಸ್ತುವಿಗೆ ಹೊಸ ಹೊಸ ಉಪಯೋಗ ಯೋಚಿಸೋಂಥ ಕೆಲಸದಲ್ಲಿ ಕೂತಿದ್ದಾಗಿನಕ್ಕಿಂತ ಚೆನ್ನಾಗಿ ಮಾಡಿದ್ರು, ಒಂದೇ ಸರಿಯುತ್ತರ ಇರೋ ಒಗಟಿನಂಥ ಕೆಲಸದಲ್ಲಿ ಮಾತ್ರ ಆ ಲಾಭ ಕಾಣ್ಲಿಲ್ಲ. ಅದು ನಡಿಗೆದು, ಓಟದ್ದಲ್ಲ, ಆದ್ರೂ ಆರಾಮಿನ ಓಟಕ್ಕೆ ಅದರಿಂದ ಒಂದು ಕೆಲಸದ ಸುಳಿವು ತಗೋಬಹುದು. ಹೊಸ ದಾರಿ ಹುಡುಕೋ ಪ್ರಶ್ನೆ ಓಟಕ್ಕೆ ತಗೊಂಡು ಹೋಗಿ. ಇಪ್ಪತ್ತು ಸಾಲನ್ನ ಹದಿನೈದಕ್ಕೆ ಇಳಿಸೋದು, ಅಧ್ಯಾಯಗಳ ತಾರೀಖು ತಾಳೆ ನೋಡೋದು, ಇಂಥದ್ದನ್ನೆಲ್ಲ ಕುರ್ಚಿಗೆ ಬಿಡಿ.

ಮ್ಯೂಸಿಕ್ ಮಾಡೋರಿಗೆ ಒಂದು ಎಚ್ಚರಿಕೆ. ಓಟಕ್ಕೆ ತನ್ನದೇ ತಾಳ ಇದೆ, ನಿಮಿಷಕ್ಕೆ ಸುಮಾರು 160ರಿಂದ 180 ಹೆಜ್ಜೆ, ಎಡ ಬಲ ಎಡ ಬಲ. ಆವಾಗ ಹುಟ್ಟೋ ಟ್ಯೂನ್‌ಗಳೆಲ್ಲ ಗೊತ್ತಿಲ್ದಂಗೆ ಎರಡರ ಲೆಕ್ಕಕ್ಕೆ ಬೀಳ್ತಾವೆ, ಲಯವೂ ಓಟದ್ದೇ ಆಗಿರತ್ತೆ. ಮನೆಗೆ ಬಂದು ಅದನ್ನೇ ಅರ್ಧ ವೇಗದಲ್ಲಿ, ಮೂರರ ಲೆಕ್ಕದಲ್ಲಿ ನುಡಿಸಿ ನೋಡಿ, ಆವಾಗ್ಲೂ ಚೆನ್ನಾಗಿದ್ರೆ ಇಟ್ಕೊಳ್ಳಿ.

ಇಯರ್‌ಫೋನ್ ವಿಷಯಕ್ಕೆ ನನ್ನ ಅಭಿಪ್ರಾಯ ಸ್ವಲ್ಪ ಖಡಕ್. ಪಾಡ್‌ಕಾಸ್ಟ್ ಹಾಕ್ಕೊಂಡು ಓಡಿದ್ರೆ ಬೇರೆಯವರ ವಾಕ್ಯ ನಿಮ್ಮ ತಲೇಲಿ ತುಂಬ್ಕೊಳ್ಳತ್ತೆ, ದಿನವಿಡೀ ಸಿಗದ ಖಾಲಿ ಅರ್ಧ ಗಂಟೇನ ಕೈಯಾರೆ ಕೊಟ್ಟ ಹಾಗೆ. ತೀರಾ ಬೇಜಾರಿನ ದಿನ ಹಾಡು ಹಾಕ್ಕೊಳ್ಳಿ, ಗಾಡಿ ಓಡಾಡೋ ದಾರಿಲಾದ್ರೆ ಅದೂ ಬೇಡ.

ಸಿಕ್ಕಿದ್ದನ್ನ ಸ್ನಾನಕ್ಕೆ ಮುಂಚೆ ಹಿಡೀರಿ

ಓಡುವಾಗ ಹೊಳೆದಿದ್ದು ಬಟ್ಟೆ ಬದಲಾಯಿಸೋಷ್ಟರಲ್ಲಿ ಆವಿಯಾಗಿರತ್ತೆ, "ಇಷ್ಟು ಒಳ್ಳೇದು ಮರೆಯೋದುಂಟಾ" ಅನಿಸಿದ್ದು ಮೊದ್ಲು ಹೋಗತ್ತೆ. ಫೋನ್‌ನಲ್ಲಿ ವಾಯ್ಸ್ ರೆಕಾರ್ಡ್ ಮಾಡ್ತೀರಾದ್ರೆ ನಿಂತು ಮಾಡಿ, ಗಾಳಿಗೆ ಬೆನ್ನು ಕೊಟ್ಟು, ಫೋನ್‌ನ ಎದೆ ಹತ್ರ ಹಿಡ್ಕೊಂಡು. ಓಡ್ತಾ ಓಡ್ತಾ ಮಾತಾಡಿದ್ದನ್ನ ಸಂಜೆ ಕೇಳಿದ್ರೆ ಬರೀ ಬುಸ್ ಬುಸ್ ಉಸಿರು, ಮಧ್ಯೆ "ಬಾಗಿಲು... ಅಲ್ಲ, ಕಿಟಕಿ" ಅನ್ನೋ ಎರಡು ಪದ, ಯಾವ ಬಾಗಿಲು ಯಾವ ಕಿಟಕಿ ದೇವ್ರಿಗೇ ಗೊತ್ತು. ಅದಕ್ಕೆ ರೆಕಾರ್ಡ್ ಮಾಡುವಾಗ ಪಾತ್ರದ ಹೆಸರು, ಜಾಗ, ಏನು ಬದಲಾಗ್ಬೇಕು, ಈ ಮೂರು ಹೇಳಿ ನಿಲ್ಲಿಸಿ. ಫೋನ್ ಬೇಡ ಅನ್ನೋರು ಮೂರು ಪದ ಕಟ್ಕೊಂಡು ಅದನ್ನೇ ಹೆಜ್ಜೆ ಲೆಕ್ಕಕ್ಕೆ ಹೇಳ್ಕೊಂಡು ಬನ್ನಿ, ಮೂರಕ್ಕಿಂತ ಜಾಸ್ತಿ ನಿಲ್ಲಲ್ಲ.

ಮನೆಗೆ ಬಂದ ಕೂಡ್ಲೇ ಶೂ ಬಿಚ್ಚೋ ಜಾಗದಲ್ಲೇ ಒಂದು ಅಗ್ಗದ ನೋಟ್‌ಬುಕ್ಕು, ಒಂದು ಪೆನ್ಸಿಲ್ ಇರ್ಲಿ. ಪೆನ್ಸಿಲ್ಲೇ ಇರ್ಲಿ, ಬೆವರಿನ ಹನಿ ಬಿದ್ರೆ ಜೆಲ್ ಪೆನ್ನಿನ ಅಕ್ಷರ ಕಲಸಿ ಹೋಗತ್ತೆ. ನಿಂತ್ಕೊಂಡೇ, ಮೀನಖಂಡ ಗೋಡೆಗೆ ಒತ್ತಿ ಸ್ಟ್ರೆಚ್ ಮಾಡ್ತಾನೇ, ಐದು ನಿಮಿಷ ಗೀಚಿ. ಅಂದ ಚೆಂದ ನೋಡ್ಬೇಡಿ.

ಇಲ್ಲೊಂದು ಜೋಪಾನ. ಓಟ ಮುಗಿದಾಗ ಮನಸ್ಸು ಹಗುರಾಗಿರತ್ತೆ, ಆ ಖುಷಿಗೆ ಮೈಯಲ್ಲೇ ಹುಟ್ಟೋ ನೋವು ಮರೆಸೋ ರಾಸಾಯನಿಕ ಎಂಡಾರ್ಫಿನ್ ಕಾರಣ ಅಂತ ಬಹಳ ಕಾಲದಿಂದ ಹೇಳ್ಕೊಂಡು ಬಂದಿದ್ದಾರೆ, ಆದ್ರೆ ರಕ್ತದಲ್ಲಿರೋ ಎಂಡಾರ್ಫಿನ್ ಸಲೀಸಾಗಿ ಮೆದುಳಿನೊಳಕ್ಕೆ ದಾಟಲ್ಲ. ಜರ್ಮನಿಯಲ್ಲಿ ಓಟಗಾರರಿಗೆ ಎಂಡಾರ್ಫಿನ್ ಕೆಲಸ ತಡೆಯೋ ಔಷಧಿ ಕೊಟ್ಟು ಓಡಿಸಿ ನೋಡಿದ್ರು, 2021ರಲ್ಲಿ ಅದು ಪ್ರಕಟ ಆಯ್ತು, ಔಷಧಿ ಕೊಟ್ರೂ ಖುಷಿ ಕಮ್ಮಿ ಆಗ್ಲಿಲ್ಲ, ಹಾಗಾಗಿ ಈಗ ಬೆರಳು ತೋರಿಸ್ತಿರೋದು ಮೈಯೇ ತಯಾರಿಸೋ, ಗಾಂಜಾದಲ್ಲಿರೋ ಅಂಶದ ಥರ ಕೆಲಸ ಮಾಡೋ ಎಂಡೋಕ್ಯಾನಬಿನಾಯ್ಡ್‌ಗಳ ಕಡೆಗೆ. ಕಾರಣ ಏನೇ ಇರ್ಲಿ, ನಮಗೆ ಬೇಕಾದ್ದು ಇಷ್ಟು: ಆ ಒಂದು ಗಂಟೆ ನಿಮ್ಮ ಬರಹ ನಿಮಗೆ ಇರೋದಕ್ಕಿಂತ ಚೆನ್ನಾಗಿ ಕಾಣತ್ತೆ. ಹೊಸದು ಬರೆಯೋಕ್ಕೆ ಆ ಗಂಟೆ ಪ್ರಶಸ್ತ, ಎಡಿಟರ್‌ಗೆ ಕಳಿಸೋಕ್ಕೆ ಕೆಟ್ಟದ್ದು. ಸೆಂಡ್ ಬಟನ್ ಮಾರನೇ ದಿನಕ್ಕೆ ಇಟ್ಕೊಳ್ಳಿ.

ವಾರಕ್ಕೊಂದು ಲಾಂಗ್ ರನ್

ಅರ್ಧ ಗಂಟೆ ಓಟ ಆರಾಮಾಗಿ ಆಗ್ತಿದೆ ಅಂದ್ಮೇಲೆ ವಾರಕ್ಕೆ ಒಂದು ದಿನ ಉದ್ದ ಮಾಡಿ, ಮೊದ್ಲು ನಲವತ್ತೈದು ನಿಮಿಷ, ಆಮೇಲೆ ಗಂಟೆ, ಆಮೇಲೆ ಒಂದೂವರೆ. ವೇಗ ಅದೇ, ಬೇಕಾದ್ರೆ ಇನ್ನೂ ನಿಧಾನ. ಅವತ್ತು ಟೇಬಲ್ ಮೇಲೆ ದೊಡ್ಡ ಕೆಲಸ ಇಟ್ಕೋಬೇಡಿ. ಕೈಬರಹ ಟೈಪ್ ಮಾಡೋದು, ಫೈಲ್ ಹೆಸರು ಸರಿಮಾಡೋದು, ಬಾಕಿ ಇರೋ ಮೇಲ್‌ಗೆ ಉತ್ತರ ಹಾಕೋದು, ಬ್ರಷ್ ತೊಳೆದು ಕ್ಯಾನ್ವಾಸ್‌ಗೆ ಮೊದಲ ಕೋಟ್ ಹೊಡೆದಿಡೋದು, ಇಂಥದ್ದಕ್ಕೆಲ್ಲ ಲಾಂಗ್ ರನ್ ಆದ ಮಧ್ಯಾಹ್ನ ಹೇಳಿ ಮಾಡಿಸಿದ ಹಾಗಿರತ್ತೆ.

ಗ್ಲೈಕೋಜನ್ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗಂಟೆ ಓಟಕ್ಕೆ ಸಾಕಾಗತ್ತೆ. ಅಷ್ಟರೊಳಗೆ ಮುಗಿಯೋದಾದ್ರೆ ಓಡ್ತಾ ತಿನ್ನೋ ಅಗತ್ಯ ಇಲ್ಲ, ಅದಕ್ಕಿಂತ ಉದ್ದ ಅಂದ್ರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗತ್ತೆ, ಅದನ್ನೂ ಮೊದಲೇ ಚಿಕ್ಕ ಓಟದಲ್ಲಿ ತಿಂದು ಹೊಟ್ಟೆ ಒಪ್ಪತ್ತಾ ನೋಡ್ಕೊಳ್ಳಿ. ನೀರು ಬಾಯಾರಿಕೆ ಆದಷ್ಟು ಕುಡೀರಿ. ಜಾಸ್ತಿ ಕುಡಿದಷ್ಟೂ ಒಳ್ಳೇದು ಅನ್ನೋದು ತಪ್ಪು ತಿಳುವಳಿಕೆ, 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ 13 ಪರ್ಸೆಂಟ್ ಜನಕ್ಕೆ ಸೋಡಿಯಂ (ರಕ್ತದಲ್ಲಿರೋ ಉಪ್ಪಿನ ಅಂಶ) ಮಟ್ಟ ಇರ್ಬೇಕಾದ್ದಕ್ಕಿಂತ ಕೆಳಗಿತ್ತು, ಓಡೋಕ್ಕೆ ಮುಂಚೆ ಇದ್ದ ತೂಕಕ್ಕಿಂತ ಜಾಸ್ತಿ ತೂಕ ಬರೋಷ್ಟು ನೀರು ಕುಡಿದವರಲ್ಲಿ ಅಪಾಯ ಹೆಚ್ಚಿತ್ತು.

ಇದೆಲ್ಲ ಆದ್ಮೇಲೆ ಮ್ಯಾರಥಾನ್ ಓಡ್ಲೇಬೇಕಾ ಅಂದ್ರೆ, ಬೇಡ. 42.195 ಕಿಲೋಮೀಟರ್ ಅನ್ನೋ ಲೆಕ್ಕ 1908ರ ಲಂಡನ್ ಒಲಿಂಪಿಕ್ಸ್‌ನ ದಾರಿಯಿಂದ ಬಂದಿದ್ದು, 1921ರಲ್ಲಿ ಅದನ್ನೇ ಎಲ್ಲ ಕಡೆಗೂ ಖಾಯಂ ಮಾಡಿದ್ರು, ನಿಮ್ಮ ಬರವಣಿಗೆಗೆ ಆ ದೂರದಲ್ಲಿ ವಿಶೇಷ ಏನೂ ಇಲ್ಲ. ಗಂಟೆ, ಒಂದೂವರೆ ಗಂಟೆ ಲಾಂಗ್ ರನ್ನಲ್ಲೇ ವರ್ಷಗಟ್ಟಲೆ ಆರಾಮಾಗಿ ಇರಬಹುದು. ಆಸೆ ಇದ್ರೆ ಓಡಿ, ಆದ್ರೆ ಪುಸ್ತಕದ ಕೊನೇ ಅಧ್ಯಾಯ ಬರೀತಿರೋ ತಿಂಗಳು ಬಿಟ್ಟು ಬೇರೆ ತಿಂಗಳು ಆರಿಸ್ಕೊಳ್ಳಿ. ತಲೆ ಕೆಲಸಾನೂ ಓಟಾನೂ ಎರಡನ್ನೂ ತುದಿವರೆಗೆ ತಗೊಂಡು ಹೋದೋರು ಇಲ್ಲದಿಲ್ಲ. ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ಕಂಪ್ಯೂಟರ್ ಡಿಸೈನ್ ಮಾಡ್ತಿದ್ದ ಕಾಲದಲ್ಲೇ, 1947ರಲ್ಲಿ, ಮ್ಯಾರಥಾನ್‌ನ 2 ಗಂಟೆ 46 ನಿಮಿಷಕ್ಕೆ ಓಡಿದ್ರು, ಮಾರನೇ ವರ್ಷದ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರ ಟೈಮ್‌ಗೂ ಅದಕ್ಕೂ ಹತ್ರಹತ್ರ ಹನ್ನೊಂದು ನಿಮಿಷ ಮಾತ್ರ ಅಂತರ. ಅಂಥೋರು ಅಪರೂಪ, ಅವರನ್ನ ನೋಡಿ ಟೈಂಟೇಬಲ್ ಹಾಕ್ಕೋಬೇಡಿ.

ಕೂತು ಕೂತು ಗಟ್ಟಿಯಾದ ಮೈ

ದಿನಕ್ಕೆ ಏಳೆಂಟು ಗಂಟೆ ಕೂರೋರ ಸೊಂಟದ ಮುಂಭಾಗ ಬಿಗಿಯಾಗಿರತ್ತೆ, ಕತ್ತು ಮುಂದಕ್ಕೆ ಬಂದಿರತ್ತೆ, ಪೃಷ್ಠದ ಸ್ನಾಯು ನಿದ್ದೆ ಹೊಡೀತಿರತ್ತೆ. ಕುರ್ಚಿಯಿಂದ ಎದ್ದು ನೇರ ಓಡೋಕ್ಕೆ ಹೋಗ್ಬೇಡಿ, ಹತ್ತು ನಿಮಿಷ ನಡೆದು ಓಟಕ್ಕೆ ತಿರುಗಿ. ಮೀನಖಂಡ ಗಟ್ಟಿ ಮಾಡೋಕ್ಕೆ ಬೇರೆ ಟೈಮ್ ಬೇಡ, ವಿಡಿಯೋ ಎಕ್ಸ್‌ಪೋರ್ಟ್ ಆಗ್ತಿರುವಾಗ, ಪ್ರಿಂಟ್ ಬರ್ತಿರುವಾಗ ಟೇಬಲ್ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸಿ, ಹದಿನೈದು ಸಲ, ನಿಧಾನಕ್ಕೆ, ಸುಲಭ ಆದ್ಮೇಲೆ ಒಂದೇ ಕಾಲಲ್ಲಿ. ಮಂಡಿ ಮೇಲೆ ಭಾರ ಜಾಸ್ತಿ ಬೀಳ್ತಿದೆ ಅನ್ಸಿದ್ರೆ ಹೆಜ್ಜೆ ಚಿಕ್ಕದು ಮಾಡಿ, ಅದೇ ವೇಗದಲ್ಲಿ ನಿಮಿಷಕ್ಕೆ ಐದರಿಂದ ಹತ್ತು ಪರ್ಸೆಂಟ್ ಜಾಸ್ತಿ ಹೆಜ್ಜೆ ಹಾಕಿದ್ರೆ ಮಂಡಿ ಮೇಲಿನ ಹೊರೆ ಕಮ್ಮಿ ಆಗೋದು ಅಳತೆಯಲ್ಲಿ ಕಂಡಿರೋ ವಿಷಯ.

ಯಾವ ನೋವಿಗೆ ನಿಲ್ಲಿಸ್ಬೇಕು? ಎರಡೂ ಕಾಲಲ್ಲಿ ಸಮನಾಗಿ, ಅಗಲವಾಗಿ, ಮಂದವಾಗಿ ಇರೋ ನೋವು, ಓಡ್ತಾ ಓಡ್ತಾ ಬಿಟ್ಟು ಹೋಗೋದು, ಅದು ಮಾಮೂಲಿ. ಒಂದೇ ಕಾಲಲ್ಲಿ, ಒಂದೇ ಬೆರಳಲ್ಲಿ ತೋರಿಸೋಂಥ ಜಾಗದಲ್ಲಿ, ಓಡಿದಷ್ಟೂ ಜಾಸ್ತಿ ಆಗೋ ನೋವು ಇದ್ರೆ ನಿಲ್ಲಿಸಿ. ಕುಂಟ್ತಾ ಓಡ್ಬೇಕಾದ್ರೂ ನಿಲ್ಲಿಸಿ, ಯಾಕಂದ್ರೆ ಕುಂಟೋ ಓಟ ಇನ್ನೊಂದು ಕಾಲನ್ನೂ ಕೆಡಿಸತ್ತೆ. ಮೂಳೆ ಮೇಲೆ ಒತ್ತಿದ್ರೆ ಚುರ್ ಅನ್ನೋದು, ರಾತ್ರಿ ಮಲಗಿದಾಗ್ಲೂ ನೋಯೋದು, ಇದು ಸ್ಟ್ರೆಸ್ ಫ್ರ್ಯಾಕ್ಚರ್ (ಮತ್ತೆ ಮತ್ತೆ ಭಾರ ಬಿದ್ದು ಮೂಳೆಯಲ್ಲಾಗೋ ಸಣ್ಣ ಬಿರುಕು) ಇರಬಹುದು, ಡಾಕ್ಟರ್‌ಗೆ ತೋರಿಸದೆ ಓಡ್ಬೇಡಿ. ಜ್ವರ ಇದ್ದಾಗ ಓಟ ಇಲ್ಲ, ಚರ್ಚೆ ಇಲ್ಲ.

ಶೂ ಬಗ್ಗೆ ಎರಡೇ ಮಾತು. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರತ್ತೆ, ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರ್ಲಿ, ಹಾಕಿದ ತಕ್ಷಣ ಹಿತ ಅನ್ಸಿದ್ದೇ ಸರಿ, "ಹಾಕ್ತಾ ಹಾಕ್ತಾ ಸರಿಹೋಗತ್ತೆ" ಅನ್ನೋದನ್ನ ನಂಬ್ಬೇಡಿ. ಐನೂರರಿಂದ ಎಂಟುನೂರು ಕಿಲೋಮೀಟರ್ ಬರತ್ತೆ. ತೊಡೆ, ಕಂಕುಳು, ಮೊಲೆತೊಟ್ಟು ಉಜ್ಜೋ ಜಾಗಕ್ಕೆ ಲಾಂಗ್ ರನ್ ದಿನ ವ್ಯಾಸಲೀನ್ ಹಚ್ಚಿ, ಹಚ್ಚದೆ ಸ್ನಾನಕ್ಕೆ ನಿಂತಾಗ ಗೊತ್ತಾಗತ್ತೆ ಯಾಕೆ ಅಂತ.

ಡೆಡ್‌ಲೈನ್ ಬಂದಾಗ

ಒಂದು ಕನಿಷ್ಠ ದಿನ ಅಂತ ಮೊದಲೇ ಬರೆದಿಟ್ಕೊಳ್ಳಿ: ಹದಿನೈದು ನಿಮಿಷ ಓಟ ಇಲ್ಲಾ ನಡಿಗೆ, ಟೇಬಲ್ ಮೇಲೆ ಒಂದು ಪ್ಯಾರಾಗ್ರಾಫ್. ಕೆಲಸ ಕುತ್ತಿಗೆಗೆ ಬಂದ ವಾರ ಅಷ್ಟೇ ಮಾಡಿ, ಅದಕ್ಕಿಂತ ಜಾಸ್ತಿ ಮಾಡೋಕ್ಕೆ ಆಸೆ ಆದ್ರೂ ತಡ್ಕೊಳ್ಳಿ. ತಪ್ಪಿದ ಓಟಾನ ಮಾರನೇ ದಿನ ಸೇರಿಸಿ ಡಬಲ್ ಮಾಡೋದು ಬೇಡ, ಹೋಗಿದ್ದು ಹೋಯ್ತು. ರಾತ್ರಿ ಒಂದು ಗಂಟೆವರೆಗೆ ಬರೆದು ಐದಕ್ಕೆ ಎದ್ದು ಓಡೋದು ಕೇಳೋಕ್ಕೆ ಸಾಧನೆ ಥರ ಇದೆ, ಎರಡು ವಾರಕ್ಕೆ ವಾಕ್ಯಾನೂ ಸೊರಗತ್ತೆ ಕಾಲೂ ಸೊರಗತ್ತೆ. ರಾತ್ರಿ ಬರೆಯೋರು ಸಂಜೆ ಓಡಿ. ಮಲಗೋಕ್ಕೆ ಸ್ವಲ್ಪ ಮುಂಚೆ ಜೋರು ಓಟ ಇಟ್ಕೊಂಡ್ರೆ ಮಾತ್ರ ನಿದ್ದೆ ಹತ್ತೋದು ತಡ ಆಗತ್ತೆ, ನಡುವೆ ಒಂದೆರಡು ಗಂಟೆ ಬಿಡುವಿರ್ಲಿ.

ಒಂದೇ ಪುಸ್ತಕದಲ್ಲಿ ಎರಡೂ ಲೆಕ್ಕ

ಆ್ಯಪ್‌ಗಳು ಓಟದ ಲೆಕ್ಕ ಮಾತ್ರ ಇಡ್ತಾವೆ, ಅದೂ ಇಷ್ಟು ದಿನ ಬಿಡದೆ ಓಡಿದ್ರಿ ಅಂತ ಬ್ಯಾಡ್ಜ್ ಕೊಟ್ಟು, ಆಮೇಲೆ ಆ ಬ್ಯಾಡ್ಜ್ ಉಳಿಸ್ಕೊಳ್ಳೋಕ್ಕೆ ಜ್ವರದಲ್ಲೂ ಓಡೋ ಹಾಗೆ ಮಾಡ್ತಾವೆ. ಅದರ ಬದ್ಲು ಆ ಪೆನ್ಸಿಲ್ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ದಿನಕ್ಕೊಂದು ಸಾಲು ಸಾಕು. ಎಷ್ಟು ನಿಮಿಷ ಓಡಿದ್ರಿ, ಹೇಗಿತ್ತು, ಟೇಬಲ್‌ನಲ್ಲಿ ಏನಾಯ್ತು, ಎಷ್ಟು ಗಂಟೆ ಮಲಗಿದ್ರಿ. "35 ನಿಮಿಷ, ಆರಾಮ. ತಂಗಿ ಸೀನ್ ಅರ್ಧ. 7 ಗಂಟೆ ನಿದ್ದೆ." ಇಷ್ಟೇ.

ಎರಡು ತಿಂಗಳಾದ್ಮೇಲೆ ಆ ಪುಟಗಳನ್ನ ಒಟ್ಟಿಗೆ ಹರಡ್ಕೊಂಡು ನೋಡಿ. ಜೋರು ಓಡಿದ ದಿನಗಳ ಮುಂದೆ ಟೇಬಲ್ ಜಾಗ ಖಾಲಿ ಇದ್ರೆ ಜೋರು ಓಟ ಹದಿನೈದು ದಿನಕ್ಕೊಂದು ಮಾಡಿ ಇಲ್ಲಾ ಪೂರ್ತಿ ಬಿಡಿ. ಲಾಂಗ್ ರನ್ ಮಾರನೇ ದಿನಾನೂ ಖಾಲಿ ಇದ್ರೆ ಅದನ್ನ ಹದಿನೈದು ನಿಮಿಷ ಕಮ್ಮಿ ಮಾಡಿ. ಓಡದೇ ಇದ್ದ ದಿನಗಳ ಮುಂದೆಯೂ ಖಾಲಿ ಇದ್ರೆ ತೊಂದ್ರೆ ಓಟದ್ದಲ್ಲ, ನಿದ್ದೆ ಕಾಲಂ ನೋಡಿ, ಅದೂ ಸರಿಯಿದ್ರೆ ಡ್ರಾಫ್ಟ್‌ನಲ್ಲೇ ಏನೋ ಸಿಕ್ಕಿಹಾಕೊಂಡಿದೆ, ನಾಳೆ ಓಟಕ್ಕೆ ತಗೊಂಡು ಹೋಗೋ ಪ್ರಶ್ನೆ ಅದೇ.